ಸ್ಥಾನವೂ ಸಾಮರ್ಥ್ಯವೂ

ಕಾಲ್ಚೆಂಡಾಟವು ನಮ್ಮ ಸೀಮೆಯ ಮನೆಮಾತಿನ ಆಟವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಜೆಯ ಹೊತ್ತು ತಿರುಗಾಡುವವರಿಗೆ ಕಬಡ್ಡಿಯ ಅಂಕಣವೂ, ವಾಲಿಬಾಲಿನ ಬಲೆಯೂ, ಕೊಯ್ಲು ಮುಗಿದ ಗದ್ದೆಯಲ್ಲಿ ಕ್ರಿಕೆಟ್ಟಿನ ಗದ್ದಲವೂ ಎದುರಾಗುವುವು. ಫುಟ್‌ಬಾಲೆಂಬುದು ಬಹುಮಟ್ಟಿಗೆ ಶಾಲೆಯ ವಾರ್ಷಿಕ ಕ್ರೀಡಾಕೂಟದೊಡನೆ ಬಂದು ಅದರೊಡನೆಯೇ ಹೊರಟುಹೋಗತಕ್ಕ ಅತಿಥಿ. ಆದರೂ ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ಪಿನ ಪಂದ್ಯಗಳು ನಡೆಯುವಾಗ ಇದೇ ಹಳ್ಳಿಗಳ ತರುಣರು ನಡುರಾತ್ರಿಯವರೆಗೂ ಟೆಲಿವಿಷನ್ನಿನ ಮುಂದೆ ಎಚ್ಚರವಾಗಿದ್ದು, ಬೆಳಗ್ಗೆ ಚಹದ ಅಂಗಡಿಯ ಬೆಂಚಿನ ಮೇಲೆ ಸೋಲುಗೆಲವುಗಳ ಕಾರಣವನ್ನು ಮೀಮಾಂಸೆ ಮಾಡುವುದನ್ನು ನಾನು ಕಂಡಿದ್ದೇನೆ. ಅಂತಹದೊಂದು ಮೀಮಾಂಸೆ ಈಚೆಗೆ ಚನ್ನಗಿರಿಯ ನಮ್ಮ ಸಂಜೆಯ ಕೂಟಕ್ಕೂ ತಗುಲಿತು. ಅದನ್ನು ಅಲ್ಲಿಯೇ ಬಿಟ್ಟುಬಿಡಲು ಮನಸ್ಸೊಪ್ಪದೆ ಇಲ್ಲಿ ಬರೆಯುತ್ತಿದ್ದೇನೆ.

ಕೂಟದಲ್ಲಿ ಇಬ್ಬರು ಮುಖ್ಯ ವಾದಿಗಳು. ಒಬ್ಬರು ನನ್ನಂತೆಯೇ ನಿವೃತ್ತರಾದ ವ್ಯಾಯಾಮದ ಮೇಷ್ಟರು. ಮತ್ತೊಬ್ಬನು ರಜೆಯಲ್ಲಿ ಊರಿಗೆ ಬಂದಿದ್ದ ತರುಣ ಇಂಜಿನಿಯರು, ನಮ್ಮಿಬ್ಬರ ಹಳೆಯ ಶಿಷ್ಯ. ಮೇಷ್ಟರ ಪಕ್ಷವು ಹೀಗೆ: ಹನ್ನೊಂದು ಜನರನ್ನು ಯಾವ ರೀತಿಯಲ್ಲಿ ನಿಲ್ಲಿಸುತ್ತೇವೋ ಅದರಲ್ಲಿಯೇ ಗೆಲವಿದೆ, ನಾಲ್ಕು-ನಾಲ್ಕು-ಎರಡೋ, ನಾಲ್ಕು-ಮೂರು-ಮೂರೋ, ವ್ಯೂಹವು ಸರಿಯಾಗಿದ್ದರೆ ಸಾಧಾರಣರಿಂದಲೂ ಅಸಾಧಾರಣ ಕಾರ್ಯವಾಗುವುದು. ಶಿಷ್ಯನ ಪಕ್ಷವು ಇದಕ್ಕೆ ನೇರ ವಿರೋಧ: "ಮೇಷ್ಟ್ರೇ, ಕಾಗದದ ಮೇಲೆ ಬರೆದ ಅಂಕಿ ಚೆಂಡನ್ನು ಒದೆಯುವುದಿಲ್ಲ. ಒದೆಯುವವನು ಮನುಷ್ಯ. ಕಾಲಿನಲ್ಲಿ ಗುಣವಿಲ್ಲದವನನ್ನು ಎಲ್ಲಿ ನಿಲ್ಲಿಸಿದರೇನು?" ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿದರು. ಮಾಡಿದ ಕಾರಣವು ನನಗೆ ಆಟ ತಿಳಿದಿದೆಯೆಂದಲ್ಲ, ತಿಳಿಯದೆಂದು. ಪಕ್ಷಪಾತವಿರಲಾರದಷ್ಟೆ.

ಮೊದಲು ಮೇಷ್ಟರ ಪಕ್ಷಕ್ಕೆ ಸಲ್ಲತಕ್ಕುದನ್ನು ಸಲ್ಲಿಸೋಣ. ವ್ಯೂಹವೆಂಬುದು ಬರಿಯ ಕಾಗದದ ಚಿತ್ರವಾಗಿದ್ದರೆ ಅದರ ಬದಲಾವಣೆಯಿಂದ ಆಟದ ಸ್ವರೂಪವೇ ಬದಲಾಗುತ್ತಿರಲಿಲ್ಲ. 1925ನೆಯ ಇಸವಿಯಲ್ಲಿ ಆಫ್‌ಸೈಡ್ ಎಂಬ ನಿಯಮವನ್ನು ತಿದ್ದಿದರು. ಅದಕ್ಕೆ ಹಿಂದೆ, ಮುಂದಿರುವ ಆಟಗಾರನಿಗೆ ಚೆಂಡನ್ನು ಕೊಡಬೇಕಾದರೆ ಅವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕಾಗಿತ್ತು. ತಿದ್ದುಪಡಿಯಾದ ಮೇಲೆ ಇಬ್ಬರಿದ್ದರೆ ಸಾಕಾಯಿತು. ಒಬ್ಬನ ಲೆಕ್ಕ ಕಡಮೆಯಾದುದೇ ತಡ, ಇಂಗ್ಲೆಂಡಿನಲ್ಲಿ ಗೋಲುಗಳ ಮಳೆ ಸುರಿಯಿತು. ಆಗ ಆರ್ಸೆನಲ್ ತಂಡದ ಮೇಲ್ವಿಚಾರಕನಾದ ಹರ್ಬರ್ಟ್ ಚಾಪ್‌ಮನ್ನನು, ಅದುವರೆಗೆ ಮೈದಾನದ ನಡುವೆ ಸ್ವತಂತ್ರನಾಗಿ ಸುಳಿಯುತ್ತಿದ್ದ ಸೆಂಟರ್ ಹಾಫನನ್ನು ಹಿಂದಕ್ಕೆ ಎಳೆದು ಇಬ್ಬರು ಬ್ಯಾಕುಗಳ ನಡುವೆ ನಿಲ್ಲಿಸಿದನು. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ಹಳೆಯ ಕ್ರಮವು ಹೋಗಿ ಇಂಗ್ಲಿಷಿನ ಡಬ್ಲ್ಯು ಮತ್ತು ಎಂ ಅಕ್ಷರಗಳ ಆಕಾರದ ಹೊಸ ಕ್ರಮವು ಬಂದಿತು. ಸೆಂಟರ್ ಹಾಫನ ಕಾಲುಗಳು ಅವೇ. ಅವನು ನಿಂತ ನೆಲ ಬೇರೆ. ಈ ಒಂದು ಸ್ಥಾನಾಂತರದಿಂದ ಆಟಗಾರರ ಒಂದು ಹೊಸ ಜಾತಿಯೇ ಹುಟ್ಟಿತೆನ್ನಬಹುದು. ಆದುದರಿಂದ ಸ್ಥಾನಕ್ಕೆ ಶಕ್ತಿಯಿಲ್ಲವೆಂಬ ಶಿಷ್ಯನ ಮಾತು ನಿಲ್ಲತಕ್ಕದ್ದಲ್ಲ.

ಹಾಗೆಂದ ಮಾತ್ರಕ್ಕೆ ಮೇಷ್ಟರು ಗೆದ್ದಂತಾಯಿತೇ? 1953ರ ನವೆಂಬರಿನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಹಂಗೆರಿಯವರು ಇಂಗ್ಲೆಂಡನ್ನು 6-3ರಿಂದ ಸೋಲಿಸಿದ ಕಥೆಯನ್ನು ಅವರೇ ನಮಗೆ ಹೇಳಿದರು. ಹಂಗೆರಿಯ ಸೆಂಟರ್ ಫಾರ್ವರ್ಡನಾದ ಹಿಡೆಗ್‌ಕುಟಿಯು ತನ್ನ ಹೆಸರಿನ ಸ್ಥಾನದಲ್ಲಿ ನಿಲ್ಲದೆ ಹಿಂದೆ ಸರಿದು ಆಡಿದನು. ಅವನನ್ನು ಕಾಯಬೇಕಾಗಿದ್ದ ಆಂಗ್ಲ ಆಟಗಾರನು, ಬೆನ್ನುಹತ್ತಿ ಹೋದರೆ ತನ್ನ ಸ್ಥಾನ ಬರಿದಾಗುವುದು, ಹೋಗದಿದ್ದರೆ ಎದುರಾಳಿಗೆ ಸ್ವಾತಂತ್ರ್ಯ ಸಿಕ್ಕುವುದು ಎಂಬ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದನು. ಹಿಡೆಗ್‌ಕುಟಿ ಮೂರು ಗೋಲು ಹೊಡೆದನು. ವ್ಯೂಹದ ಮಹಿಮೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡವೆಂದು ಮೇಷ್ಟರು ಮೀಸೆ ತಿರುವಿದರು. ಆದರೆ ಶಿಷ್ಯನು ಸುಮ್ಮನಿರಲಿಲ್ಲ. 1954ರ ಮೇ ತಿಂಗಳಲ್ಲಿ ಅವೇ ದೇಶಗಳು ಬುಡಾಪೆಸ್ಟಿನಲ್ಲಿ ಮತ್ತೆ ಎದುರಾದುವು. ಆ ವೇಳೆಗೆ ಹಂಗೆರಿಯ ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ. ಫಲವೇನಾಯಿತು? 7-1. ಬೀಗದ ಕೈ ದೊರೆತ ಮೇಲೂ ಬಾಗಿಲು ತೆರೆಯದಿದ್ದರೆ, ಬಾಗಿಲನ್ನು ಹಿಡಿದಿದ್ದುದು ಬೀಗವಲ್ಲ, ಒಳಗಿನಿಂದ ಒತ್ತಿ ನಿಂತಿದ್ದ ಆಳುಗಳ ತೋಳು ಎಂದು ಊಹಿಸಬೇಕಾಗುತ್ತದೆ.

ಇಲ್ಲಿ ನನಗೆ ಪಾಠಶಾಲೆಯಲ್ಲಿ ಓದಿದ ಒಂದು ಹಳೆಯ ವಿವಾದವು ನೆನಪಿಗೆ ಬಂದಿತು. ವಾಕ್ಯದ ಅರ್ಥವು ಎಲ್ಲಿಂದ ಹುಟ್ಟುತ್ತದೆ? ಕುಮಾರಿಲ ಭಟ್ಟರ ಅನುಯಾಯಿಗಳು ಹೇಳುವುದೇನೆಂದರೆ, ಒಂದೊಂದು ಪದವೂ ಮೊದಲು ತನ್ನ ತನ್ನ ಅರ್ಥವನ್ನು ಬೇರೆಬೇರೆಯಾಗಿ ತಿಳಿಸುವುದು, ಆ ಮೇಲೆ ಆ ಅರ್ಥಗಳು ಒಂದನ್ನೊಂದು ಕೂಡಿಕೊಳ್ಳುವುವು. ಇದಕ್ಕೆ ಅಭಿಹಿತಾನ್ವಯವಾದವೆಂದು ಹೆಸರು. ಪ್ರಾಭಾಕರರು ಇದನ್ನು ಒಪ್ಪುವುದಿಲ್ಲ. ಪದವು ಒಂಟಿಯಾಗಿ ನಿಂತು ಏನನ್ನೂ ಹೇಳಲಾರದು. ಮತ್ತೊಂದರೊಡನೆ ಕೂಡಿದ ಅರ್ಥವನ್ನೇ ಅದು ಮೊದಲಿನಿಂದಲೂ ತಿಳಿಸತಕ್ಕದ್ದು ಎಂದು ಅವರ ಅನ್ವಿತಾಭಿಧಾನವಾದ. ನಮ್ಮ ಶಿಷ್ಯನು ತಿಳಿಯದೆಯೇ ಭಾಟ್ಟನಾಗಿದ್ದಾನೆ: ಆಟಗಾರನ ಸಾಮರ್ಥ್ಯವು ಅವನ ಚೀಲದಲ್ಲಿರುವ ಪದಾರ್ಥ, ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಮೇಷ್ಟರು ಪ್ರಾಭಾಕರರು: ಪಕ್ಕದವನಿಲ್ಲದೆ ಸಾಮರ್ಥ್ಯವೆಂಬ ಮಾತಿಗೇ ಅರ್ಥವಿಲ್ಲ. ಈ ಉಪಮಾನವನ್ನು ನಾನು ಮುಂದಿಟ್ಟಾಗ ಇಬ್ಬರೂ ನಕ್ಕರು. ಇರಲಿ. ಈ ವಿವಾದದ ಒಂದು ಭಾಗವು ನನಗೆ ಮುಂದೆ ಬೇಕಾಗಿದೆ. ಅದನ್ನು ಈಗ ಹೇಳಿಬಿಡುತ್ತೇನೆ.

ಮಗುವು ಪದದ ಅರ್ಥವನ್ನು ಕಲಿಯುವುದು ಹೇಗೆಂಬುದಕ್ಕೆ ಶಾಸ್ತ್ರಕಾರರು ಕೊಡುವ ಉದಾಹರಣೆ ಪ್ರಸಿದ್ಧವಾದುದು. ಹಿರಿಯನೊಬ್ಬನು "ಹಸುವನ್ನು ತಾ" ಎನ್ನುತ್ತಾನೆ, ಕಿರಿಯನು ತರುತ್ತಾನೆ, ಮಗು ನೋಡುತ್ತದೆ. ಮತ್ತೆ "ಹಸುವನ್ನು ಕಟ್ಟು" ಎನ್ನುತ್ತಾನೆ. ಬಳಿಕ "ಕುದುರೆಯನ್ನು ತಾ" ಎನ್ನುತ್ತಾನೆ. ಒಂದು ಪದವನ್ನು ತೆಗೆದು ಇನ್ನೊಂದನ್ನು ಹಾಕುವ ಈ ಕ್ರಮಕ್ಕೆ ಆವಾಪ-ಉದ್ವಾಪವೆಂದು ಹೆಸರು. ಯಾವ ಪದದಿಂದ ಯಾವ ಅರ್ಥವೆಂಬುದು ಈ ಅದಲುಬದಲಿನಿಂದ ಮಾತ್ರ ಮಗುವಿಗೆ ತಿಳಿಯುವುದು. ಭಾಟ್ಟರಾಗಲಿ ಪ್ರಾಭಾಕರರಾಗಲಿ ಈ ಅಂಶದಲ್ಲಿ ಜಗಳವಾಡುವುದಿಲ್ಲ. ಹಸುವನ್ನು ತರುವುದೊಂದನ್ನೇ ಜನ್ಮವಿಡೀ ಕೇಳಿದ ಮಗುವಿಗೆ ಹಸುವೆಂದರೇನು, ತರುವುದೆಂದರೇನು ಎಂಬ ವಿಂಗಡಣೆಯೇ ಆಗಲಾರದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೇಶದ ಕಥೆಗೆ ಬರೋಣ. ಕನ್ನಡ ನಾಡಿಗೆ ಈ ಆಟದಲ್ಲಿ ಅಲ್ಪವಲ್ಲದ ಕೀರ್ತಿಯಿದೆ. ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಒಮ್ಮೆ, 1938ರಲ್ಲಿ ಮತ್ತೊಮ್ಮೆ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946-47, 1952-53, 1967-68, 1968-69ರಲ್ಲಿ ಗೆದ್ದಿತು. ಆ ಮೇಲೆ 54 ವರ್ಷಗಳ ಬರಗಾಲ! 2023ರ ಮಾರ್ಚಿನಲ್ಲಿ ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು ಅದನ್ನು ಮರಳಿ ತಂದಿತು.

ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರಲ್ಲಿ ಅಹಮದ್ ಖಾನ್ ಅಗ್ರಗಣ್ಯರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ ಇವರೊಡನೆ ಅವರು ಆಡುತ್ತಿದ್ದಾಗ ಆ ಮುಂಚೂಣಿಯ ಐವರನ್ನು ಜನರು ಪಂಚಪಾಂಡವರೆಂದು ಕರೆದರು. ಹೆಸರಿಟ್ಟವರು ಯಾರೋ ತಿಳಿದೇ ಇಟ್ಟಿದ್ದಾರೆ. ಪಾಂಡವರಲ್ಲಿ ಯಾರೊಬ್ಬರನ್ನು ತೆಗೆದರೂ ಉಳಿದ ನಾಲ್ವರ ಕಥೆ ಬೇರೆಯಾಗುವುದಲ್ಲವೇ? ಇದೇ ಅಹಮದ್ ಖಾನರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದರು. ನಮ್ಮವರು ಬಹುಮಂದಿ ಬರಿಗಾಲಿನಲ್ಲಿದ್ದರೂ ಫ್ರಾನ್ಸ್ ದೇಶದವರಿಗೆ ಕೇವಲ 2-1ರಿಂದ ಸೋತರು. ನಾಲ್ಕು ವರ್ಷಗಳ ಮೇಲೆ 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಮಣ್ಣುಮುಕ್ಕಿಸಿತು. ಆ ಒಂದು ಗೋಲನ್ನು ಹೊಡೆದವರು ಅಹಮದ್ ಖಾನರೇ. ಶಿಷ್ಯನನ್ನು ನಾನು ಕೇಳಿದೆ: "ಸಾಮರ್ಥ್ಯವು ಚೀಲದೊಳಗಿನ ಪದಾರ್ಥವಾದರೆ, ಹೆಲ್ಸಿಂಕಿಗೆ ಹೋಗುವಾಗ ಆ ಚೀಲ ದಾರಿಯಲ್ಲಿ ಬಿದ್ದುಹೋಯಿತೇನಪ್ಪ?" ಅವನು ಚಳಿ, ಬೂಟು ಎಂದು ಏನೇನೋ ಹೇಳಿದನು. ಅವು ಸುಳ್ಳಲ್ಲ. ಆದರೆ ಚಳಿಯೂ ಬೂಟೂ ಕಾಲಿನ ಗುಣಗಳಲ್ಲವಷ್ಟೆ.

ಆ ಕಾಲದ ನಮ್ಮ ತಂಡವನ್ನು ತಿದ್ದಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು. ಅವರು ಮೂಲತಃ ಶಾಲಾ ಉಪಾಧ್ಯಾಯರು. ಹಾಗೆಂದು ಕೇಳಿ ನನಗೂ ಮೇಷ್ಟರಿಗೂ ಆದ ಸಂತೋಷವನ್ನು ಮರೆಮಾಚಲಾರೆ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರು ಆಸ್ಟ್ರೇಲಿಯವನ್ನು 4-2ರಿಂದ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಬಂದರು. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ನಡೆದುದಂತೂ ನಮ್ಮ ವಿಚಾರಕ್ಕೆ ಹೇಳಿ ಮಾಡಿಸಿದಂತಿದೆ. ಜರ್ನೈಲ್ ಸಿಂಗರು ಹಿಂದೆ ನಿಂತು ತಡೆಯುವ ಆಳು, ಬಂಡೆಯಂಥವರು. ಥಾಯ್ಲೆಂಡಿನ ಮೇಲಣ ಪಂದ್ಯದಲ್ಲಿ ಅವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಗಾಯಗೊಂಡ ತಲೆಯಿಂದ ಹಿಂಬದಿಯನ್ನು ಕಾಯುವುದು ಕಷ್ಟ. ಮತ್ತೊಬ್ಬರಾದರೆ ಅವರನ್ನು ಕುಳ್ಳಿರಿಸುತ್ತಿದ್ದರು. ರಹೀಮರು ಮುಂದಕ್ಕೆ ಕಳುಹಿಸಿ ಫಾರ್ವರ್ಡನನ್ನಾಗಿ ಮಾಡಿದರು. ದಕ್ಷಿಣ ವಿಯೆಟ್ನಾಮಿನ ಮೇಲೆ 3-2ರ ಗೆಲವಿನಲ್ಲಿ ಜರ್ನೈಲರದೊಂದು ಗೋಲು. ಕಡೆಯ ಪಂದ್ಯದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಗೆದ್ದು ಚಿನ್ನದ ಪದಕ ಪಡೆದಾಗ ಪಿ. ಕೆ. ಬ್ಯಾನರ್ಜಿಯವರದೊಂದು, ಜರ್ನೈಲರದೊಂದು. ಕ್ಯಾನ್ಸರಿನಿಂದ ನರಳುತ್ತಿದ್ದ ರಹೀಮರು ಮರುವರ್ಷ ಜೂನಿನಲ್ಲಿ ತೀರಿಕೊಂಡರು.

ಇದು ವ್ಯೂಹದ ಗೆಲವೋ, ವ್ಯಕ್ತಿಯ ಗೆಲವೋ? ಸ್ಥಾನವನ್ನು ಬದಲಾಯಿಸದಿದ್ದರೆ ಆ ಗೋಲುಗಳಿಲ್ಲ. ಬದಲಾಯಿಸಿದ ಸ್ಥಾನದಲ್ಲಿ ಜರ್ನೈಲರಲ್ಲದೆ ಬೇರೊಬ್ಬರು ನಿಂತಿದ್ದರೆ ಇದೇ ಫಲವೆಂದು ಹೇಳಲಾಗುವುದಿಲ್ಲ. ನನಗೆ ತೋರುವುದು ಇಷ್ಟು: ರಹೀಮರು ಮಾಡಿದ್ದು ಆವಾಪ-ಉದ್ವಾಪ. ಪದವನ್ನು ಅದರ ವಾಕ್ಯದಿಂದ ತೆಗೆದು ಇನ್ನೊಂದು ವಾಕ್ಯದಲ್ಲಿಟ್ಟರು. ಆಗ ಆ ಪದಕ್ಕೆ ಇದ್ದ ಅರ್ಥವು ಪೂರ್ತಿಯಾಗಿ ಹೊರಬಿದ್ದಿತು. ತಲೆಗೆ ಪೆಟ್ಟು ಬೀಳದಿದ್ದರೆ ಅದು ಜಕಾರ್ತಾದಲ್ಲಿ ಹೊರಬೀಳುತ್ತಿತ್ತೇ ಎಂಬುದು ಯೋಚಿಸತಕ್ಕ ಮಾತು.

2004ರಲ್ಲಿ ಗ್ರೀಸ್ ದೇಶವು ಯೂರೋಪಿನ ಕಪ್ಪನ್ನು ಗೆದ್ದುದೂ, 1986ರಲ್ಲಿ ಮರಡೋನಾ ಅರ್ಜೆಂಟೀನಕ್ಕೆ ವಿಶ್ವಕಪ್ಪನ್ನು ತಂದುದೂ ಕೂಟದಲ್ಲಿ ಪ್ರಸ್ತಾಪಕ್ಕೆ ಬಂದುವು. ಒಂದನ್ನು ಮೇಷ್ಟರು ಎತ್ತಿದರು, ಇನ್ನೊಂದನ್ನು ಶಿಷ್ಯನು. ಎರಡರಿಂದಲೂ ಹೊಸದೇನೂ ಸಿದ್ಧವಾಗುವುದಿಲ್ಲವಾಗಿ ಬಿಟ್ಟುಬಿಡುತ್ತೇನೆ.

ವ್ಯೂಹವೆಂದ ಮೇಲೆ ಮಹಾಭಾರತದ ಕಡೆಗೆ ತಿರುಗದೆ ನನ್ನಂಥವನಿಗೆ ಸಮಾಧಾನವಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ ದಂಡ, ಭೋಗ, ಮಂಡಲ, ಅಸಂಹತ ಎಂದು ನಾಲ್ಕು ಮೂಲವ್ಯೂಹಗಳನ್ನು ಹೇಳಿ, ಕಾಲಾಳಿಗೂ ಕಾಲಾಳಿಗೂ ನಡುವೆ ಇರತಕ್ಕ ಅಂತರವನ್ನು ಸಹ ಅಳತೆ ಮಾಡಿ ಕೊಡುತ್ತಾನೆ. ಆತನ ಕಣ್ಣಿಗೆ ಯುದ್ಧವು ಬಹುಮಟ್ಟಿಗೆ ಅಂತರಗಳ ವ್ಯವಸ್ಥೆ. ವ್ಯಾಸರಾದರೋ ನಮ್ಮೆದುರಿಗೆ ಒಬ್ಬ ಹುಡುಗನನ್ನು ತಂದು ನಿಲ್ಲಿಸುತ್ತಾರೆ. ಹದಿಮೂರನೆಯ ದಿನ, ಅರ್ಜುನನನ್ನು ಸಂಶಪ್ತಕರು ದೂರಕ್ಕೆ ಸೆಳೆದಿದ್ದಾರೆ, ದ್ರೋಣರು ಚಕ್ರವ್ಯೂಹವನ್ನು ಹೂಡಿದ್ದಾರೆ. ಧರ್ಮರಾಯನು ಅಭಿಮನ್ಯುವನ್ನು ಕೇಳುತ್ತಾನೆ. ಒಳಹೋಗಬಲ್ಲೆ, ಹೊರಬರಲು ತಿಳಿಯದೆಂದು ಹುಡುಗನು ಮರೆಮಾಚದೆ ಹೇಳುತ್ತಾನೆ. ನೀನು ಬಾಗಿಲು ಮಾಡು, ನಾವು ಬೆನ್ನಿಗಿರುವೆವು ಎಂದು ದೊಡ್ಡವರು ಮಾತುಕೊಡುತ್ತಾರೆ. ಸೈಂಧವನು ಅವರನ್ನು ಬಾಗಿಲಿನಲ್ಲಿಯೇ ತಡೆದನೆಂಬುದು ಎಲ್ಲರಿಗೂ ಗೊತ್ತು.

ನಮ್ಮಲ್ಲಿ ಅಭಿಮನ್ಯುವನ್ನು ಅರ್ಧವಿದ್ಯೆಗೆ ದೃಷ್ಟಾಂತವಾಗಿ ಹೇಳುವ ವಾಡಿಕೆಯಿದೆ. ಪಾಠ ಒಪ್ಪಿಸದ ಹುಡುಗರಿಗೆ ನಾನೇ ಎಷ್ಟೋ ಸಾರಿ ಹೇಳಿದ್ದೇನೆ. ಈಗ ನೋಡಿದರೆ ಅದು ಅನ್ಯಾಯವೆಂದು ತೋರುತ್ತದೆ. ಆ ಹುಡುಗನ ವಿದ್ಯೆ ಅರ್ಧವೆಂಬುದು ದೊಡ್ಡವರಿಗೆ ತಿಳಿದಿತ್ತು. ಉಳಿದರ್ಧವು ತಾವೆಂದು ಅವರು ಒಪ್ಪಿಕೊಂಡಿದ್ದರು. ತಪ್ಪಿದುದು ಆ ಉಳಿದರ್ಧ. ಅವನ ಸಾಮರ್ಥ್ಯದಲ್ಲಿ ಕೊರತೆಯಿರಲಿಲ್ಲ. ಅವನ ಹಿಂದೆ ಇರಬೇಕಾಗಿದ್ದ ಸ್ಥಾನಗಳು ಬರಿದಾಗಿದ್ದುವು. ಹಾಗಿದ್ದರೂ ಲೋಕವು ಸತ್ತವನ ವಿದ್ಯೆಯನ್ನು ಅಳೆಯುತ್ತದೆ, ಬಾಗಿಲಿನಲ್ಲಿ ನಿಂತವರ ಮಾತನ್ನು ಅಳೆಯುವುದಿಲ್ಲ. ಪ್ರಶ್ನೆಯು ಇಲ್ಲಿ ಆಟವನ್ನು ದಾಟಿ ಧರ್ಮಕ್ಕೆ ಬಂದಿತು. ಸೋಲಾದಾಗ ಹೊಣೆಯು ಯಾರದು? ನಿಂತವನದೋ, ನಿಲ್ಲಿಸಿದವನದೋ?

ಈ ಪ್ರಶ್ನೆಯನ್ನು ನಾನು ತಟಸ್ಥನಾಗಿ ಕೇಳುತ್ತಿಲ್ಲ. 1991ರಲ್ಲಿ ನಾನು ಹೊನ್ನಾಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ನ್ಯಾಮತಿ ಆಗ ಅದೇ ತಾಲ್ಲೂಕಿಗೆ ಸೇರಿದ್ದಿತು. ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ. ಶಾಲೆಗೆ ವ್ಯಾಯಾಮದ ಮೇಷ್ಟರಿರಲಿಲ್ಲ. ಮುಖ್ಯೋಪಾಧ್ಯಾಯರು ಸಂಸ್ಕೃತದವನಾದ ನನಗೆ ಕೆಲಸ ಕಡಮೆಯೆಂದು ತಿಳಿದು ಕಾಲ್ಚೆಂಡಿನ ತಂಡವನ್ನು ಒಪ್ಪಿಸಿದರು. ನಮ್ಮ ಹುಡುಗರು ಚೆಂಡು ಹೋದ ಕಡೆಗೆ ಹನ್ನೊಂದು ಮಂದಿಯೂ ಜೇನುಹುಳುಗಳಂತೆ ಮುತ್ತಿಕೊಂಡು ಹೋಗುತ್ತಿದ್ದರು. ನಾನೊಂದು ಪುಸ್ತಕವನ್ನು ತರಿಸಿ ಓದಿದೆ. ಕಪ್ಪು ಹಲಗೆಯ ಮೇಲೆ ಹನ್ನೊಂದು ಸೊನ್ನೆಗಳನ್ನು ಬರೆದು, ಒಂದೊಂದು ಸೊನ್ನೆಗೆ ಒಬ್ಬೊಬ್ಬನ ಹೆಸರಿಟ್ಟು, ಇಲ್ಲಿಂದ ಕದಲಕೂಡದೆಂದು ಆಜ್ಞೆ ಮಾಡಿದೆ. ಹುಡುಗರಲ್ಲಿ ಒಬ್ಬನು ಎತ್ತರವಾಗಿದ್ದನು, ಮಾತು ಕಡಮೆ, ಹೇಳಿದಂತೆ ಕೇಳುವವನು. ಅವನನ್ನು ಹಿಂಬದಿಯಲ್ಲಿ ನಿಲ್ಲಿಸಿ, ಏನೇ ಆದರೂ ಮಧ್ಯರೇಖೆಯನ್ನು ದಾಟಬೇಡವೆಂದೆ. ಅವನ ತಂದೆ ಮತ್ತೊಬ್ಬರ ತೋಟದಲ್ಲಿ ಅಡಿಕೆ ಸುಲಿಯುವ ಕೂಲಿಯವರು. ಹುಡುಗನು ಬೆಳಗ್ಗೆ ಕೆಲಸ ಮುಗಿಸಿ ಮೂರು ಮೈಲಿ ಓಡಿ ಶಾಲೆಗೆ ಬರುತ್ತಿದ್ದನೆಂಬುದು ನನಗೆ ಆಮೇಲೆ ತಿಳಿಯಿತು. ಮೊದಲೇ ತಿಳಿಯಬಹುದಾಗಿತ್ತು, ನಾನು ಕೇಳಿರಲಿಲ್ಲ.

ತಾಲ್ಲೂಕಿನ ಪಂದ್ಯದಲ್ಲಿ ನಾವು 1-0ರಿಂದ ಹಿಂದಿದ್ದೆವು. ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಆ ಹುಡುಗನು ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿದುಕೊಂಡು, ಇಬ್ಬರನ್ನು ತಪ್ಪಿಸಿ ಓಡಿದನು. ಮುಂದೆ ಬಯಲು ತೆರೆದುಬಿದ್ದಿತ್ತು. ಗೋಲಿನ ಹುಡುಗನೊಬ್ಬನ ಹೊರತು ಅಡ್ಡ ಯಾರೂ ಇರಲಿಲ್ಲ. ಮಧ್ಯರೇಖೆಯ ಬಳಿಗೆ ಬಂದು ಅವನು ನಿಂತುಬಿಟ್ಟನು. ಸುಣ್ಣದ ಗೆರೆಯ ಈಚೆಗೆ ಕಾಲಿಟ್ಟುಕೊಂಡು, ಚೆಂಡನ್ನು ಹಿಡಿದು, ನನ್ನ ಕಡೆಗೆ ನೋಡಿದನು. ಅಷ್ಟರಲ್ಲಿ ಯಾರೋ ಬಂದು ಚೆಂಡನ್ನು ಒಯ್ದರು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಆಟ ಮುಗಿದ ಮೇಲೆ ನಾನು ಎಲ್ಲರ ಎದುರಿಗೆ ಅವನನ್ನು ದಡ್ಡನೆಂದು ಬೈದೆ. ಅವನು ತಲೆ ತಗ್ಗಿಸಿ, "ನೀವೇ ಗೆರೆ ದಾಟಬ್ಯಾಡ ಅಂದಿದ್ರಲ್ಲ ಸಾರ್" ಎಂದಷ್ಟೇ ಹೇಳಿದನು.

ಹುಡುಗನಲ್ಲಿ ಸ್ವಂತ ಬುದ್ಧಿಯಿರಲಿಲ್ಲವೆಂದು ಶಿಷ್ಯನು ಈಗ ಹೇಳುವನು. ಇಲ್ಲವೆಂದಾದರೆ ಇಬ್ಬರನ್ನು ತಪ್ಪಿಸಿ ಬಂದುದು ಯಾವ ಬುದ್ಧಿಯಿಂದ? ವ್ಯೂಹವನ್ನು ನಾನು ಸರಿಯಾಗಿ ಕಲಿಸಲಿಲ್ಲವೆಂದು ಮೇಷ್ಟರು ಹೇಳುವರು. ಕಲಿಸಿದುದು ಸರಿಯಾಗಿಯೇ ನಾಟಿದ್ದಿತು, ಅದೇ ತೊಂದರೆ. ನನ್ನ ತಪ್ಪು ಬೇರೆ. ಒಂದು ತಿಂಗಳ ಅಭ್ಯಾಸದಲ್ಲಿ ಒಂದು ದಿನವಾದರೂ ನಾನು ಅವನನ್ನು ಮುಂದೆ ನಿಲ್ಲಿಸಿ ನೋಡಿರಲಿಲ್ಲ. ಅವನ ಎತ್ತರವನ್ನೂ ವಿಧೇಯತೆಯನ್ನೂ ನೋಡಿ ಸ್ಥಾನವನ್ನು ಕೊಟ್ಟೆ. ಕೊಟ್ಟ ಮೇಲೆ ಆ ಸ್ಥಾನವೇ ಅವನ ಸಾಮರ್ಥ್ಯವೆಂದು ತಿಳಿದೆ. ಪದವನ್ನು ಒಂದೇ ವಾಕ್ಯದಲ್ಲಿಟ್ಟು ಅದರ ಅರ್ಥ ನನಗೆ ಗೊತ್ತೆಂದು ಹೊರಟ ಮಗುವು ನಾನು.

ಸ್ವಧರ್ಮವು ಗುಣಹೀನವಾದರೂ ಶ್ರೇಯಸ್ಕರವೆಂಬ ಗೀತೆಯ ಮಾತನ್ನು ಸ್ಥಾನವಾದಿಗಳು ಬಹುಕಾಲದಿಂದ ತಮ್ಮ ಕಡೆಗೆ ಎಳೆದುಕೊಂಡಿದ್ದಾರೆ. ಆದರೆ ಗೀತೆಯು ಕರ್ಮವನ್ನು ಸ್ವಭಾವಕ್ಕೆ ಕಟ್ಟುತ್ತದೆಯೇ ಹೊರತು ಸ್ವಭಾವವನ್ನು ಸ್ಥಾನಕ್ಕೆ ಕಟ್ಟುವುದಿಲ್ಲ. ನಮ್ಮ ಸಮಾಜದಲ್ಲಿ ನಾವು ನಡೆಸಿಕೊಂಡು ಬಂದುದು ಇದರ ವಿಪರ್ಯಯವನ್ನು. ಒಬ್ಬನನ್ನು ಬಾಗಿಲಿನ ಹೊರಗೆ ನಿಲ್ಲಿಸಿ, ತಲೆಮಾರುಗಳ ತರುವಾಯ, ಇವನಿಗೆ ಒಳಗಿನ ವಿದ್ಯೆ ಬಾರದೆಂದು ಅವನ ಮೇಲೆಯೇ ಆಕ್ಷೇಪಣೆ ಮಾಡಿದೆವು. ನಾನು ಓದಿದ ಪಾಠಶಾಲೆಯ ಪಡಸಾಲೆಯಲ್ಲಿ ಕುಳಿತವರೆಲ್ಲರೂ ಒಂದೇ ಬೀದಿಯ ಹುಡುಗರು. ನಾವು ಜಾಣರೆಂದು ಗುರುಗಳು ಮೆಚ್ಚುತ್ತಿದ್ದರು, ನಾವೂ ನಂಬಿದ್ದೆವು. ಪಂದ್ಯದಲ್ಲಿ ಎದುರಾಳಿಯೇ ಇರಲಿಲ್ಲವೆಂಬುದು ಆಗ ಯಾರಿಗೂ ತೋರಲಿಲ್ಲ.

ಆದುದರಿಂದ ನನ್ನ ತೀರ್ಪು ಹೀಗಾಯಿತು. ವ್ಯೂಹವಿಲ್ಲದೆ ಸಾಮರ್ಥ್ಯವು ಕಾಣಿಸಿಕೊಳ್ಳಲಾರದು ಎಂಬಷ್ಟರ ಮಟ್ಟಿಗೆ ಮೇಷ್ಟರ ಮಾತು ಸರಿ. ಆದರೆ ಯಾವ ಒಂದು ವ್ಯೂಹಕ್ಕೂ ಒಬ್ಬನ ಸಾಮರ್ಥ್ಯದ ಮೇಲೆ ಕಡೆಯ ಮಾತನ್ನು ಹೇಳುವ ಅಧಿಕಾರವಿಲ್ಲ. ನಿಲ್ಲಿಸಿದವನು ಬೇರೆಬೇರೆ ಕಡೆ ನಿಲ್ಲಿಸಿ ನೋಡುವವರೆಗೂ ಸೋಲಿನ ಹೊಣೆಯು ನಿಲ್ಲಿಸಿದವನದೇ.

ಮೇಷ್ಟರು ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸ್ವಾಮಿ, ನೀವು ಹೇಳುವುದು ಒಪ್ಪತಕ್ಕದ್ದೇ. ಆದರೆ ನಾನು ಮೂವತ್ತು ವರ್ಷ ತಂಡ ಕಟ್ಟಿದವನು. ಕ್ರೀಡಾಕೂಟದ ಸುತ್ತೋಲೆ ಬರುವುದು ಶನಿವಾರ, ಆಟ ಸೋಮವಾರ. ಮೈದಾನ ಒಂದು, ಚೆಂಡು ಒಂದು, ಹುಡುಗರು ಅರವತ್ತು. ಯಾರನ್ನು ಎಲ್ಲೆಲ್ಲಿ ನಿಲ್ಲಿಸಿ ನೋಡಲಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಶಿಷ್ಯನು ಎದ್ದು ಮೂವರಿಗೂ ಇನ್ನೊಂದು ಲೋಟ ಚಹ ಹೇಳಿದನು.